ನೋವಾಗದ ಸೂಜಿ

“ಒತ್ರಿ, ಇನ್ನೊಂಚೂರು. ಜೋರಾಗಿ ಬೇಡ, ನಿಧಾನಕ್ಕೆ,” ಎಂದು ಅಯ್ಯನವರು ಹೇಳುತ್ತಿದ್ದರು. ಇಬ್ಬರು ಗಂಡಸರು ಬೆವರು ಸುರಿಸುತ್ತ ಷಡಕ್ಷರಪ್ಪನವರ ಮೊಣಕಾಲು ಒತ್ತುತ್ತಿದ್ದರು. ಎಡಗಾಲು ಹೇಗೋ ಮಡಚಿತು. ಬಲಗಾಲು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಲಿಂಗಾಯತರಾದ ಅವರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಪೂಜೆಗೆ ಕೂತ ಹಾಗೆ ಕೂರಿಸಬೇಕು, ಕೂತ ಹಾಗೆಯೇ ಮಣ್ಣು ಮಾಡಬೇಕು. ಬೆಳಗಿನ ಜಾವ ಶಿವಮೊಗ್ಗದ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು. ಆ ಸಹಿ ಈ ಸಹಿ ಮುಗಿದು ಆಂಬುಲೆನ್ಸ್ ಭದ್ರಾವತಿಯ ಹೊಸಮನೆ ಬಡಾವಣೆಗೆ ಬರುವಷ್ಟರಲ್ಲಿ ಒಂಬತ್ತಾಗಿ, ಮೈ ಸೆಟೆದುಕೊಳ್ಳಲು ಶುರುವಾಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಹೊಟ್ಟೆಯದು. ನೀರು ತುಂಬಿ ಬಿಂದಿಗೆಯಂತೆ ಊದಿದ್ದ ಹೊಟ್ಟೆ ತೊಡೆಗಳಿಗೆ ಜಾಗವನ್ನೇ ಬಿಡುತ್ತಿರಲಿಲ್ಲ. ಒತ್ತಿದಾಗೆಲ್ಲ ಎಡಮಗ್ಗುಲಿನ ಸಣ್ಣ ತೂತಿನಿಂದ ಹಳದಿ ನೀರು ಜಿನುಗಿ ಹೊಸ ಪಂಚೆ ಒದ್ದೆಯಾಗುತ್ತಿತ್ತು.

“ಸ್ವಲ್ಪ ಸರೀರಿ,” ಎಂದು ಪ್ರಿಯದರ್ಶಿನಿ ಗಂಡಸರ ನಡುವೆ ನುಗ್ಗಿದಳು. ಸತ್ತವರ ಮಗಳು ಹೀಗೆ ಮುಂದೆ ಬರುವ ರೂಢಿಯಿಲ್ಲ. ಆದರೆ ಆ ತೂತು ಯಾತರದೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ. ಮೊನ್ನೆ ಅಪ್ಪನ ಹೊಟ್ಟೆಯಿಂದ ನಾಲ್ಕು ಲೀಟರ್ ನೀರು ತೆಗೆಯುವಾಗ ಬಾಟಲಿ ಹಿಡಿದು ನಿಂತಿದ್ದವಳೂ ಅವಳೇ. ತೂತಿನ ಮೇಲೆ ಹತ್ತಿ ಇಟ್ಟು, ಅಗಲವಾದ ಪ್ಲಾಸ್ಟರ್ ಎಳೆದು ಅಂಟಿಸಿದಳು.

“ಜನ ನೋಡ್ತಿದ್ದಾರೆ ಪ್ರಿಯಾ,” ಎಂದು ಅಣ್ಣ ರುದ್ರೇಶ್ ಹಲ್ಲು ಕಚ್ಚಿ ಹೇಳಿದ.

“ನೋಡ್ಲಿ ಬಿಡು. ಸೋರೋದನ್ನ ನೋಡೋದಕ್ಕಿಂತ ವಾಸಿ.”

ಕೈ ತೊಳೆಯಲು ಹಿತ್ತಲ ನಲ್ಲಿಗೆ ಹೋದಾಗ ಕಾಂಪೌಂಡಿನ ಆಚೆಯಿಂದ ಮಾತು ಕೇಳಿಸಿತು.

“ಲಿವರ್ರಂತೆ ಕಣೋ.”

“ಲಿವರ್ರಾ? ಕಂಪೌಂಡರ್ ಷಡಕ್ಷರಪ್ಪನೋರಿಗಾ? ಒಳಗೊಳಗೇ ಹಾಕ್ತಿದ್ರೇನೋ ಮಾರಾಯ. ಯಾರಿಗ್ಗೊತ್ತು!”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೆಮ್ಮಿನ ಸಿರಪ್ಪಿನಲ್ಲೂ ಆಲ್ಕೋಹಾಲ್ ಇದೆಯೇ ಎಂದು ಚೀಟಿ ಓದಿ ನೋಡಿ ಕುಡಿಯುತ್ತಿದ್ದ ಮನುಷ್ಯ! ಹೋಗಿ ಆ ಇಬ್ಬರ ನೀರಿಳಿಸಬೇಕೆಂದು ಹೊರಟವಳನ್ನು ರುದ್ರೇಶ್ ಬಾಗಿಲಲ್ಲೇ ತಡೆದ.

“ಏನಂತ ಹೇಳ್ತೀಯ? ಹೆಪಟೈಟಿಸ್ ಅಂತಾನಾ? ಅಂಟುರೋಗ ಅಂತ ಒಬ್ಬನೂ ಹೆಗಲು ಕೊಡಲ್ಲ. ಕುಡಿದು ಸತ್ತ ಅಂದ್ಕೊಂಡ್ರೆ ಅಂದ್ಕೊಳ್ಲಿ. ಸಾಯಂಕಾಲದೊಳಗೆ ಎಲ್ಲಾ ಮುಗಿದುಹೋಗುತ್ತೆ.”

ಬೀದಿಯ ಮೂಲೆಯಲ್ಲಿರುವ ಮೆಡಿಕಲ್ ಶಾಪ್ ಅವನದು. ಬೋರ್ಡಿನಲ್ಲಿ ಅಪ್ಪನ ಹೆಸರು, ಒಳಗೆ ಅಪ್ಪನ ಫೋಟೋ. ಅಪ್ಪನ ಹೆಸರೇ ಅವನ ಬಂಡವಾಳ, ಅಂಟುರೋಗ ಅಂದರೆ ಅಂಗಡಿಗೆ ಯಾರೂ ಬರಲ್ಲ, ಅದಕ್ಕೇ ಇಷ್ಟು ಜೋಪಾನ ಎಂದು ಅವಳು ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾದಳು.

*

ಶಿವಮೊಗ್ಗದ ಆ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಪ್ರಿಯದರ್ಶಿನಿ ಸಿಸ್ಟರ್ ಆಗಿ ಇಪ್ಪತ್ತು ವರ್ಷ ದಾಟಿದೆ. ಮೊದಲೆಲ್ಲ ಲಿವರ್ ಕಾಯಿಲೆಯವರು ತಿಂಗಳಿಗೆ ಒಬ್ಬರೋ ಇಬ್ಬರೋ ಬರುತ್ತಿದ್ದರು. ಈಗ ನಾಲ್ಕೈದು ವರ್ಷದಿಂದ ಇಪ್ಪತ್ತು ಹಾಸಿಗೆಯಲ್ಲಿ ಏಳೆಂಟು ಅವರವೇ. ಹೊಟ್ಟೆಯ ನೀರು ತೆಗೆಸಿಕೊಂಡು ಹೋಗುತ್ತಾರೆ, ಹದಿನೈದು ದಿನಕ್ಕೆ ಮತ್ತೆ ತುಂಬಿಕೊಂಡು ಬರುತ್ತಾರೆ. ರಕ್ತ ಕಾರಿಕೊಂಡು ಬಂದವರು ಕೆಲವರು ವಾಪಸ್ಸು ಹೋಗುವುದೇ ಇಲ್ಲ. ಹಾಸಿಗೆ ಸಾಲದೆ ನಡುವೆ ಚಾಪೆ ಹಾಸಿ ಮಲಗಿಸಿದ ದಿನಗಳೂ ಉಂಟು. ಅದರಲ್ಲೂ ಭದ್ರಾವತಿ ಕಡೆಯವರೇ ಜಾಸ್ತಿ. “ಭದ್ರಾವತಿ ಬಸ್ ಬಂತಾ ಸಿಸ್ಟರ್?” ಎಂದು ಹೊಸದಾಗಿ ಸೇರಿದ ಹುಡುಗಿಯರು ನಗಾಡುತ್ತಿದ್ದರು. ಕಾರ್ಖಾನೆಯ ಕೆಲಸ ಹೋದ ಗಂಡಸರು, ಕುಡಿದು ಹಾಳಾಗಿದ್ದಾರೆ ಎಂದು ಅವಳೂ ತೀರ್ಮಾನ ಮಾಡಿಬಿಟ್ಟಿದ್ದಳು.

ಹೋದ ವರ್ಷ ಅಪ್ಪನ ಬೀದಿಯ ಕರಿಬಸಮ್ಮ ತನ್ನ ಗಂಡನನ್ನು ಆಟೋದಲ್ಲಿ ಕರೆತಂದಾಗಲೂ ಹಾಗೆಯೇ ಆಯಿತು. “ಕುಡಿಯೋವಾಗ ಗೊತ್ತಾಗ್ಲಿಲ್ವಾ?” ಎಂದು ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಅವನು ಕೊರಳ ಲಿಂಗವನ್ನು ಹಿಡಿದು, “ಇದರಾಣೆಗೂ ಮುಟ್ಟಿಲ್ಲ ಕಣಮ್ಮ,” ಅಂದ. “ಎಲ್ಲರೂ ಹೇಳೋದು ಹಾಗೇ,” ಅಂದಳು ಇವಳು. ಎರಡು ದಿನಕ್ಕೆ ರಕ್ತದ ರಿಪೋರ್ಟ್ ಬಂತು: ಹೆಪಟೈಟಿಸ್ ಸಿ ವೈರಸ್. ನಾಲ್ಕನೇ ದಿನ ಆ ಮನುಷ್ಯ ಹೋದ. ಅದು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಇವಳೂ ಕೇಳಲಿಲ್ಲ. ಕರಿಬಸಮ್ಮನಿಗೆ ತಪ್ಪಾಯಿತು ಎಂಬ ಒಂದು ಮಾತನ್ನೂ ಹೇಳಲಿಲ್ಲ.

ಮೂರು ತಿಂಗಳ ಹಿಂದೆ ಅಪ್ಪನ ಕಾಲು ಊದಿಕೊಂಡು ಅದೇ ವಾರ್ಡಿಗೆ ಸೇರಿಸಿದಾಗ ಅದೇ ರಿಪೋರ್ಟ್ ಬಂತು. ಲಿವರ್ ಕಲ್ಲಾಗಿ ಅದರ ಮೇಲೊಂದು ಗಡ್ಡೆಯೂ ಬೆಳೆದಿತ್ತು.

“ಇದು ಹೆಂಗೆ ಬರುತ್ತೆ ಪ್ರಿಯಾ?” ಎಂದು ಅಪ್ಪ ಕೇಳಿದ್ದರು.

“ರಕ್ತದಿಂದ ರಕ್ತಕ್ಕೆ ಅಪ್ಪಾಜಿ. ಯಾರಿಗೋ ಚುಚ್ಚಿದ ಸೂಜಿ ನಿಮ್ಮ ಕೈಗೆ ತಾಗಿರುತ್ತೆ. ಅಷ್ಟು ವರ್ಷ ಕಂಪೌಂಡರ್ ಆಗಿದ್ರಲ್ಲ. ಊರೋರ ಸೇವೆ ಮಾಡಿದ್ದಕ್ಕೆ ಊರೋರು ಕೊಟ್ಟ ಬಹುಮಾನ ಇದು.” ಹೇಳುವಾಗ ಅವಳಿಗೆ ಊರಿನ ಮೇಲೆ ಸಿಟ್ಟೇ ಬಂದಿತ್ತು.

“ಔಷಧಿ ಇಲ್ವಾ?”

“ಇದೆ. ಮೂರು ತಿಂಗಳು ಮಾತ್ರೆ ನುಂಗಿದ್ರೆ ಪೂರ್ತಿ ಹೋಗುತ್ತೆ. ಜಿಲ್ಲಾಸ್ಪತ್ರೆಯಲ್ಲಿ ಬಿಟ್ಟಿ ಕೊಡ್ತಾರೆ. ಆದ್ರೆ ಲಿವರ್ ಹಾಳಾಗೋಕೆ ಮುಂಚೆ ಶುರು ಮಾಡ್ಬೇಕಿತ್ತು.”

ಅವರು ಮುಂಗೈ ಸವರಿಕೊಂಡು ನೋಡಿದರು. ಆಮೇಲೆ, “ನಿಮ್ಮ ವಾರ್ಡಿಗೆ ನಮ್ಮ ಹೊಸಮನೆಯವರು ಯಾರಾದ್ರೂ ಬರ್ತಿರ್ತಾರಾ?” ಎಂದರು.

ಬೇಜಾರಾಗಿದೆ, ಊರವರ ಸುದ್ದಿ ಬೇಕಾಗಿದೆ ಎಂದುಕೊಂಡ ಅವಳು ಒಂದೇ ಗುಕ್ಕಿನಲ್ಲಿ ಹೇಳಿಬಿಟ್ಟಳು. ಕರಿಬಸಮ್ಮನ ಗಂಡ, ಹಿಟ್ಟಿನ ಗಿರಣಿಯವನು, ಅವನ ತಮ್ಮ, ಟೈಲರ್, ಪೋಸ್ಟ್‌ಮ್ಯಾನ್... ಎಂಟೊಂಬತ್ತು ಹೆಸರು. ಒಂದೊಂದು ಹೆಸರಿಗೂ ಅಪ್ಪ ಕಣ್ಣು ಮುಚ್ಚಿಕೊಂಡು ಹೂಂ ಅಂದರು.

“ಅವರಿಗೆಲ್ಲ ತುಂಬಾ ನೋವಾಗುತ್ತಾ?”

“ಕೊನೆಕೊನೆಗೆ ಆಗುತ್ತೆ ಅಪ್ಪಾಜಿ.”

ಅವರು ಗೋಡೆ ಕಡೆ ಮಗ್ಗುಲಾದರು. ಆ ಸಂಜೆ ಗಂಜಿ ಮುಟ್ಟಲಿಲ್ಲ. ಆಮೇಲೆ ಸಾಯುವವರೆಗೂ ಅವಳ ಮುಖವನ್ನು ನೆಟ್ಟಗೆ ನೋಡಲಿಲ್ಲ. ಕಾಯಿಲೆಯ ಸಂಕಟ ಎಂದುಕೊಂಡಿದ್ದಳು.

*

ಹನ್ನೊಂದರ ಹೊತ್ತಿಗೆ ಷಡಕ್ಷರಪ್ಪನವರು ಅಂತೂ ಕೂತರು. ಹಣೆಗೆ, ತೋಳಿಗೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಹೊಟ್ಟೆ ಕಾಣದ ಹಾಗೆ ಸೇವಂತಿಗೆ ಹಾರಗಳು. ಜನ ಬಂದೇ ಬಂದರು. ಸಾಲು ಬೀದಿಯ ಮೂಲೆ ದಾಟಿತು. ಇಪ್ಪತ್ತೈದು ವರ್ಷದ ಹಿಂದೆ ಮುಚ್ಚಿದ ಸಣ್ಣದೊಂದು ಕ್ಲಿನಿಕ್ಕಿನ ಕಂಪೌಂಡರ್‌ಗೆ ಇಷ್ಟು ಜನವೇ ಎಂದು ಭಜನೆಯವರೂ ಆಶ್ಚರ್ಯಪಟ್ಟರು. ಪ್ರಿಯದರ್ಶಿನಿಗೆ ಅಳುವಿನ ನಡುವೆಯೂ ಎದೆ ತುಂಬಿ ಬಂತು. ಕುಡುಕನೆಂದು ಆಡಿಕೊಂಡವರು ಇದನ್ನು ನೋಡಲಿ ಎನಿಸಿತು.

ಪಕ್ಕದ ಮನೆಯ ಮಾಸ್ತಮ್ಮ ಬಂದು ಅವಳ ಕೈ ಹಿಡಿದು ಕೂತಳು. ಎಪ್ಪತ್ತರ ಮುದುಕಿ, ಮಾತು ಶುರು ಮಾಡಿದರೆ ಬ್ರೇಕಿಲ್ಲ.

“ಡಾಕ್ಟ್ರು ಚೀಟಿ ಬರೀತಿದ್ರು ಅಷ್ಟೇ ಕಣಮ್ಮ. ವಾಸಿ ಮಾಡ್ತಿದ್ದಿದ್ದು ನಿಮ್ಮಪ್ಪನ ಕೈಗುಣ. ನಾವೂ ಅಷ್ಟೇ, ಬರೀ ಮಾತ್ರೆ ಕೊಟ್ರೆ ‘ಇಷ್ಟೇನಾ, ಒಂದು ಸೂಜಿ ಹಾಕ್ರಿ’ ಅಂತ ಗಲಾಟೆ ಮಾಡೋರು. ಸೂಜಿ ಬಿದ್ರೇ ಸಮಾಧಾನ.”

“ಹೌದು, ನೋವೇ ಆಗ್ತಿರ್ಲಿಲ್ಲ,” ಎಂದು ಹಿಂದೆ ಕೂತ ಹೆಂಗಸರೂ ಸೇರಿಕೊಂಡರು. “ನಮ್ಮ ಮಕ್ಕಳು ಅಳ್ತಾನೇ ಇರ್ಲಿಲ್ಲ.”

“ಹೆಂಗೆ ನೋವಾಗುತ್ತೆ? ಆಗೆಲ್ಲ ಗಾಜಿನ ಸಿರಿಂಜು, ಇರೋವು ನಾಲ್ಕು ಸೂಜಿ. ಮೊಂಡಾದ್ರೆ ಸಾಣೆಕಲ್ಲಿಗೆ ತಿಕ್ಕಿ ಚೂಪು ಮಾಡೋರು. ಮಾಡಿ ಹಂಗೇ ಚುಚ್ತಿರ್ಲಿಲ್ಲ ಮಾರಾಯ್ತಿ! ಮೊದ್ಲು ತನ್ನ ಕೈಗೆ, ಇಲ್ಲಿ, ಮುಂಗೈಗೆ, ಸ್ವಲ್ಪ ಚುಚ್ಕೊಂಡು ನೋಡೋರು. ‘ನಂಗೆ ನೋವಾಗ್ಲಿಲ್ಲ, ನಿಂಗೂ ಆಗಲ್ಲ’ ಅಂತ ಹೇಳಿ ಆಮೇಲೆ ನಮಗೆ ಹಾಕೋರು. ಪ್ರತಿ ಸಲಾನೂ! ಹಡೆದ ತಾಯಿ ಮಾಡ್ತಾಳಾ ಹಂಗೆ?”

ಪ್ರಿಯದರ್ಶಿನಿ ಮುದುಕಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

“ತನ್ನ ಕೈಗೆ ಚುಚ್ಕೊಂಡ ಮೇಲೆ ಕುದಿಸ್ತಿರ್ಲಿಲ್ವಾ ಅಜ್ಜಿ?”

“ಎಲ್ಲಿ ಪುರುಸೊತ್ತು ಅದಕ್ಕೆ? ಹೊರಗೆ ಮೂವತ್ತು ಜನ ಕೂತಿರೋರು. ಸ್ಪಿರಿಟ್ ಹತ್ತಿಯಲ್ಲಿ ಒರೆಸೋರು, ಹಾಕೋರು. ಮುಂದಿನವರನ್ನ ಕರೆಯೋರು.”

ಇಪ್ಪತ್ತು ವರ್ಷ ಸಿಸ್ಟರ್ ಆಗಿದ್ದವಳಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾರದೋ ಒಬ್ಬರ ರಕ್ತ ಸೂಜಿಯಿಂದ ಅಪ್ಪನ ಮುಂಗೈಗೆ. ಅಪ್ಪನ ಮುಂಗೈಯಿಂದ ಮುಂದಿನವರಿಗೆ, ಅದರ ಮುಂದಿನವರಿಗೆ, ದಿನಕ್ಕೆ ಮೂವತ್ತು ಜನಕ್ಕೆ, ಇಪ್ಪತ್ತು ವರ್ಷ. ಊರು ಅಪ್ಪನಿಗೆ ಕೊಟ್ಟ ಬಹುಮಾನ ಎಂದು ತಾನೇ ಹೇಳಿದ್ದಳು. ಅಪ್ಪ ಊರಿಗೆ ಹಂಚಿದ್ದರು. ಗೋಡೆ ಕಡೆ ತಿರುಗಿ ಮಲಗಿದ್ದು ಸಂಕಟಕ್ಕಲ್ಲ. ಅವರಿಗೆ ಅಂದೇ ಗೊತ್ತಾಗಿತ್ತು.

ಸಾಲು ಸರಿಯುತ್ತಲೇ ಇತ್ತು. ಇಷ್ಟು ಹೊತ್ತು ದುಃಖದಲ್ಲಿ ನೋಡಿದ ಮುಖಗಳನ್ನು ಈಗ ವಾರ್ಡಿನಲ್ಲಿ ನೋಡುವ ಹಾಗೆ ನೋಡಿದಳು. ತೋಳು ಕಡ್ಡಿಯಾಗಿ ಹೊಟ್ಟೆ ಮಾತ್ರ ಮುಂದೆ ಬಂದವರು, ಪಾದ ಊದಿ ಚಪ್ಪಲಿ ಹಿಡಿಯದವರು ಕಣ್ಣಿಗೆ ಬಿದ್ದರು. ಅಪ್ಪನ ಪಾದಕ್ಕೆ ಹಣೆ ಹಚ್ಚಿ ಎದ್ದ ಉಜ್ಜನಪ್ಪ ಅವಳ ಬಳಿ ಬಂದ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಐವತ್ತೆರಡು ವಯಸ್ಸು. ಅವನ ಕಣ್ಣಿನ ಬಿಳಿಭಾಗ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

“ಟೈಫಾಯ್ಡ್ ಆದಾಗ ಇಪ್ಪತ್ತೊಂದು ಇಂಜೆಕ್ಷನ್ ಕೊಟ್ಟು ಉಳಿಸಿದ್ರು ಕಣಮ್ಮ ನಿಮ್ಮಪ್ಪ. ಈ ಜೀವ ಅವರದ್ದು.”

“ಉಜ್ಜನಪ್ಪಣ್ಣ, ನಿಮ್ಮ ಕಣ್ಣು...”

“ಅದಾ? ಗ್ಯಾಸು, ಪಿತ್ತ. ಹೊಟ್ಟೆ ಉಬ್ಬರಿಸುತ್ತೆ. ರುದ್ರೇಶ ಸಿರಪ್ ಕೊಟ್ಟಿದ್ದಾನೆ, ಆರು ತಿಂಗಳಿಂದ ಕುಡೀತಿದ್ದೀನಿ.”

*

ಒಲೆ ಹಚ್ಚದ ಅಡುಗೆಮನೆಯಲ್ಲಿ ಅಮ್ಮ ಕಲ್ಲಮ್ಮ ಒಂದು ಲೋಟ ನೀರು ಹಿಡಿದು ಕೂತಿದ್ದಳು. ಪ್ರಿಯದರ್ಶಿನಿ ರುದ್ರೇಶನನ್ನು ತೋಳು ಹಿಡಿದು ಎಳೆತಂದು ಬಾಗಿಲು ಮುಚ್ಚಿದಳು. ಮಾಸ್ತಮ್ಮ ಹೇಳಿದ್ದನ್ನು ಹೇಳಿ, “ಇವರೆಲ್ಲರ ರಕ್ತ ನೋಡ್ಬೇಕು. ಇವತ್ತೇ ಹೇಳ್ಬೇಕು,” ಅಂದಳು.

ರುದ್ರೇಶ್ ಬಾಗಿಲಿನ ಚಿಲಕ ಹಾಕಿದ.

“ತಲೆ ಕೆಟ್ಟಿದೆಯಾ ನಿಂಗೆ? ಹೊರಗೆ ಅವರ ಕಾಲಿಗೆ ಬೀಳ್ತಿದ್ದಾರೆ ಜನ. ನಿಮ್ಮನ್ನ ಸಾಯಿಸಿದ್ದು ಇವರೇ ಅಂತ ಹೇಳ್ತೀಯಾ? ಹೆಣ ಇನ್ನೂ ಮನೇಲಿದೆ!”

“ಈಗ ಹೇಳಿದ್ರೆ ಉಳೀತಾರೆ ಅಣ್ಣ. ಮೂರು ತಿಂಗಳ ಮಾತ್ರೆ ಅಷ್ಟೇ.”

“ಹನ್ನೊಂದನೇ ದಿನ ಆಗ್ಲಿ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಗುಟ್ಟಾಗಿ ಹೇಳಣ.”

“ಯಾರ್ಯಾರನ್ನ? ಯಾರಿಗೆ ಚುಚ್ಚಿದ್ರು ಅಂತ ನಿಂಗೆ ಗೊತ್ತಾ, ನಂಗೆ ಗೊತ್ತಾ? ಇವತ್ತು ಅವರೆಲ್ಲ ತಾವಾಗೇ ಬಂದು ನಿಂತಿದ್ದಾರೆ. ಇನ್ಯಾವತ್ತು ಹೀಗೆ ಸೇರ್ತಾರೆ? ನೀನು ಉಜ್ಜನಪ್ಪನಿಗೆ ಆರು ತಿಂಗಳಿಂದ ಗ್ಯಾಸ್ ಸಿರಪ್ ಕುಡಿಸ್ತಿದ್ದೀಯಲ್ಲೋ!”

“ನಂಗೇನು ಗೊತ್ತಿತ್ತು?” ರುದ್ರೇಶನ ದನಿ ಒಡೆಯಿತು. “ಅಪ್ಪ ನೋವಾಗ್ಬಾರ್ದು ಅಂತ ಮಾಡಿದ್ದು ಅದು. ಅದನ್ನೇ ತಗೊಂಡು ಅವರ ಮುಖಕ್ಕೆ ಮಸಿ ಬಳೀತೀಯಾ? ಅವರಿಂದಾನೇ ಬಂದಿದ್ರೆ ನಮಗ್ಯಾಕೆ ಬರ್ಲಿಲ್ಲ? ನಮಗೂ ಎಷ್ಟು ಸಲ ಚುಚ್ಚಿದ್ದಾರೆ. ಮೂರೂ ಜನಾನ ಟೆಸ್ಟ್ ಮಾಡ್ಸಿದ್ಯಲ್ಲ, ಏನೂ ಇಲ್ಲ ಅಂತ ಬಂತಲ್ಲ!”

ಪ್ರಿಯದರ್ಶಿನಿಗೆ ಒಂದು ಕ್ಷಣ ಆಸೆಯೂ ಆಯಿತು. ತನ್ನ ಲೆಕ್ಕಾಚಾರ ಎಲ್ಲೋ ತಪ್ಪಿರಲಿ ದೇವರೇ ಎಂದುಕೊಂಡಳು.

“ನಿಮಗೆ ಬೆಳಗ್ಗೆ ಹಾಕ್ತಿದ್ರು,” ಎಂದಳು ಕಲ್ಲಮ್ಮ.

ಬೆಳಗಿನಿಂದ ತುಟಿ ಬಿಚ್ಚದ ಅಮ್ಮನ ದನಿ ಕೇಳಿ ಇಬ್ಬರೂ ತಿರುಗಿದರು.

“ಸೂಜಿ, ಸಿರಿಂಜು ಎಲ್ಲಾ ಮನೆಗೇ ತರ್ತಿದ್ರು. ಬೆಳಗ್ಗೆ ಎದ್ದು ಸೀಮೆಎಣ್ಣೆ ಸ್ಟವ್ ಮೇಲೆ ನಾನೇ ಕುದಿಸ್ತಿದ್ದೆ. ನಿಮಗೆ ಜ್ವರ ಬಂದಿದ್ರೆ ಅದರಲ್ಲೇ ಮೊದಲನೇದು ನಿಮಗೆ, ಮನೇಲಿ ತನ್ನ ಕೈಗೆ ಚುಚ್ಕೊಂಡು ನೋಡ್ತಿರ್ಲಿಲ್ಲ. ಆಮೇಲೆ ಡಬ್ಬಿ ಕ್ಲಿನಿಕ್ಕಿಗೆ ಹೋಗೋದು. ಮಧ್ಯಾಹ್ನ ಇನ್ನೊಂದು ಸಲ ಕುದಿಸ್ಬೇಕು ಕಣೇ ಅಂತಿದ್ರು ನಿಮ್ಮಪ್ಪ. ರೇಷನ್ ಸೀಮೆಎಣ್ಣೆ, ಅಡುಗೆಗೇ ಸಾಲ್ತಿರ್ಲಿಲ್ಲ. ಒಂದೇ ಸಲ ಸಾಕು ಬಿಡ್ರಿ ಅಂತ ನಾನೇ ಅಂದೆ. ಸರಿ ಅಂದ್ರು. ಆಮೇಲೆ ಯಾವತ್ತೂ ಕೇಳ್ಲಿಲ್ಲ.”

ಅವಳು ಲೋಟವನ್ನು ನೆಲದ ಮೇಲಿಟ್ಟಳು. ಹೊರಗಿನಿಂದ ಅಯ್ಯನವರು ಕೂಗಿದರು, ಹೊತ್ತಾಯಿತು, ಎತ್ತಬೇಕು.

“ಯಾರೂ ಏನೂ ಮಾತಾಡಲ್ಲ,” ಎಂದ ರುದ್ರೇಶ್ ಕಣ್ಣೊರೆಸಿಕೊಂಡು. “ನಿಮ್ಮಿಬ್ಬರ ಕಾಲಿಗೆ ಬೀಳ್ತೀನಿ. ಇವತ್ತೊಂದು ದಿನ.”

*

ರುದ್ರಭೂಮಿಯಲ್ಲಿ ಗುಂಡಿ ತಯಾರಿತ್ತು. ಷಡಕ್ಷರಪ್ಪನವರನ್ನು ಒಳಗೆ ಕೂರಿಸಿ, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿ, ಅಯ್ಯನವರು ಮಂತ್ರ ಹೇಳಿ ಮುಗಿಸಿದರು. ಮುಖ ಮಾತ್ರ ಕಾಣುತ್ತಿತ್ತು. ನೂರಾರು ಜನ ಬಲಗೈಯಲ್ಲಿ ಹಿಡಿಮಣ್ಣು ಹಿಡಿದು ಸುತ್ತ ನಿಂತರು.

ಮಣ್ಣು ಹಾಕುವ ಮೊದಲು ಆ ಬೀದಿಯವರದೊಂದು ರೂಢಿಯಿತ್ತು. ಮನೆಯ ಹಿರಿಮಗ ಸತ್ತವರ ಪರವಾಗಿ ಎಲ್ಲರ ಕ್ಷಮೆ ಕೇಳಬೇಕು. ಎಲ್ಲರೂ ಏನೂ ಇಲ್ಲ ಎಂದು ಬಿಡುಗಡೆ ಕೊಡಬೇಕು. ಹೇಳುವುದೂ ಕೇಳುವುದೂ ಎಲ್ಲರಿಗೂ ಬಾಯಿಪಾಠ. ರುದ್ರೇಶ್ ಕೈಮುಗಿದು ನಿಂತ.

“ನಮ್ಮ ತಂದೆಯವರಿಂದ ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರಿಗಾದ್ರೂ ಏನಾದ್ರೂ ತಪ್ಪಾಗಿದ್ರೆ, ಹೊಟ್ಟೆಗೆ ಹಾಕ್ಕೊಂಡು ಅವರನ್ನ ಕಳಿಸ್ಕೊಡಿ.”

“ಏನೂ ಇಲ್ಲ! ದೇವರಂಥ ಮನುಷ್ಯ!” ಎಂದು ಜನ ಒಟ್ಟಿಗೆ ಕೂಗಿದರು.

ಪ್ರಿಯದರ್ಶಿನಿ ಬಾಯಿ ತೆರೆದಳು. ದನಿ ಬರಲಿಲ್ಲ. ಎದುರಿಗೆ ಉಜ್ಜನಪ್ಪ, ಅವನ ಪಕ್ಕದಲ್ಲಿ ಕರಿಬಸಮ್ಮ. ಹೇಳಿದರೆ ಅಪ್ಪ ಎರಡನೇ ಸಲ ಸಾಯುತ್ತಾರೆ, ಹೇಳದಿದ್ದರೆ ಇವರು.

“ಇದೆ,” ಎಂದಳು ಕಲ್ಲಮ್ಮ.

ಜನಕ್ಕೆ ಅರ್ಥವಾಗಲಿಲ್ಲ. ಮುದುಕಿ ಗುಂಡಿಯ ಅಂಚಿಗೆ ಬಂದು ನಿಂತಳು.

“ತಪ್ಪಾಗಿದೆ. ಇವರದ್ದೂ ನಂದೂ. ಇವರು ಕುಡೀತಿರ್ಲಿಲ್ಲ. ಇವರ ರಕ್ತದಲ್ಲಿ ಕಾಯಿಲೆ ಇತ್ತು. ಸೂಜಿ ತನಗೆ ಚುಚ್ಕೊಂಡು ನೋಡಿ ನಿಮಗೆ ಹಾಕ್ತಿದ್ರಲ್ಲ, ಆ ಕಾಯಿಲೆ ನಿಮಗೂ ಬಂದಿದೆ. ಎಷ್ಟು ಜನಕ್ಕೆ ಅಂತ ಗೊತ್ತಿಲ್ಲ. ಕುದಿಸ್ಬೇಕಿದ್ದವಳು ನಾನು, ಕುದಿಸ್ಲಿಲ್ಲ. ಮಿಕ್ಕಿದ್ದು ಮಗಳು ಹೇಳ್ತಾಳೆ. ಕೇಳ್ಕೊಳ್ಳಿ.”

ಪ್ರಿಯದರ್ಶಿನಿಗೆ ಆಗ ದನಿ ಬಂತು. ಹೆಪಟೈಟಿಸ್ ಸಿ ಎಂದಳು, ರಕ್ತ ಪರೀಕ್ಷೆ ಎಂದಳು, ಮೂರು ತಿಂಗಳ ಮಾತ್ರೆ, ಬಿಟ್ಟಿ ಸಿಗುತ್ತದೆ, ತಡ ಮಾಡಬೇಡಿ, ನಾಳೆಯೇ ಜಿಲ್ಲಾಸ್ಪತ್ರೆಗೆ ಬನ್ನಿ, ಬಾಗಿಲಲ್ಲಿ ನಾನೇ ನಿಂತಿರುತ್ತೇನೆ ಎಂದಳು. ಕೊನೆಗೆ ಕರಿಬಸಮ್ಮನ ಕಡೆ ತಿರುಗಿ, “ನಿಮ್ಮ ಯಜಮಾನ್ರು ನಿಜ ಹೇಳಿದ್ರು ಅಕ್ಕ. ನಾನು ನಂಬಲಿಲ್ಲ,” ಎಂದಳು.

ಭಜನೆಯವನ ತಾಳ ಎಲ್ಲೋ ಒಮ್ಮೆ ಟಿಣ್ ಎಂದು ಸುಮ್ಮನಾಯಿತು. ರುದ್ರೇಶ್ ಮುಖ ಮುಚ್ಚಿಕೊಂಡು ಮಣ್ಣಿನ ಗುಡ್ಡೆಯ ಮೇಲೆ ಕುಸಿದ.

“ನಿಜವಾಗ್ಲೂ ನೋವಾಗ್ತಿರ್ಲಿಲ್ಲ ಕಣಮ್ಮ,” ಎಂದ ಉಜ್ಜನಪ್ಪ, ತನಗೆ ತಾನೇ ಹೇಳಿಕೊಳ್ಳುವವನಂತೆ.

ಕರಿಬಸಮ್ಮ ಮುಷ್ಟಿ ಬಿಚ್ಚಿದಳು. ಅವಳ ಪಾಲಿನ ಮಣ್ಣು ಅವಳ ಕಾಲ ಬುಡದಲ್ಲೇ ಬಿತ್ತು. ಗುಂಡಿಯ ಕಡೆ ನೋಡದೆ ಹೊರಟುಹೋದಳು.

ಅವಳ ಹಿಂದೆ ಯಾರೂ ಹೋಗಲಿಲ್ಲ, ಮುಂದೆ ಬಂದು ಮಣ್ಣನ್ನೂ ಹಾಕಲಿಲ್ಲ. “ಹಾಕ್ರಪ್ಪಾ, ಹಾಕ್ರಿ,” ಎಂದು ಅಯ್ಯನವರು ಎರಡು ಸಲ ಹೇಳಿದರು. ಪ್ರಿಯದರ್ಶಿನಿ ಸುತ್ತ ನೋಡಿದಳು. ಮಾಸ್ತಮ್ಮ, ಉಜ್ಜನಪ್ಪ, ಗಿರಣಿಯವರು, ಅವರ ಹಿಂದಿನವರು, ಅವರ ಹಿಂದಿನವರು, ಎಲ್ಲರ ಮಣ್ಣೂ ಎಡಗೈಗೆ ಹೋಗಿತ್ತು. ಬಲಗೈ, ಸೂಜಿ ಹಾಕಿಸಿಕೊಳ್ಳುತ್ತಿದ್ದ ಎಡದೋಳನ್ನು ಮುಟ್ಟಿಕೊಂಡಿತ್ತು.